ಇರುವೆಗೆ ಹಾರ ಹಾಕುವವರಿಗೆ

ಹಾರ ಹಾಕುವ ಕೈಗಳನ್ನು ನಾವು ಬಲ್ಲೆವು. ಬದುಕಿದ್ದಾಗ ಬಾಗಿಲಾಚೆ ನಿಲ್ಲಿಸಿ, ಸತ್ತ ಮೇಲೆ ಫೋಟೋಕ್ಕೆ ಕುಂಕುಮ ಇಡುವ ಕೈಗಳವು. ಅಂಥವೇ ಕೈಗಳು ಈಗ ಸಮುದ್ರದಾಚೆಯ ಒಬ್ಬ ಕಪ್ಪು ಹೆಣ್ಣುಮಗಳ ಕೊರಳಿಗೂ ಹಾರ ಹಾಕುತ್ತಿವೆ. ‘ಉಕ್ಕಿನ ಮಹಿಳೆ’ ಅನ್ನುತ್ತಿವೆ. ‘ಛಲವಿದ್ದರೆ ಏನೂ ಸಾಧ್ಯ’ ಅಂತ ಭಾಷಣ ಬಿಗಿಯುತ್ತಿವೆ. ನಮ್ಮ ಪತ್ರಿಕೆಗಳ ಕ್ರೀಡಾಪುಟಗಳೂ ಆ ಭಾಷಣವನ್ನೇ ಅಚ್ಚು ಹಾಕುತ್ತವೆ. ಚಪ್ಪಾಳೆ ಜೋರಾಗಿದೆ. ಆ ಸದ್ದಿನೊಳಗೆ ಒಂದು ದೊಡ್ಡ ಲೆಕ್ಕ ಮುಚ್ಚಿಹೋಗುತ್ತಿದೆ. ಆ ಲೆಕ್ಕವನ್ನು ಬಿಚ್ಚಿ ಕೇಳಬೇಕಾಗಿದೆ.

ದೇಶ ಬ್ರೆಜಿಲ್. ಹೆಣ್ಣುಮಗಳ ಹೆಸರು ಮಿರೈಲ್ಡೆಸ್ ಮಸಿಯೆಲ್ ಮೋಟಾ. ಜಗತ್ತು ಕರೆಯುವುದು ಫೊರ್ಮಿಗಾ ಅಂತ. ಪೋರ್ಚುಗೀಸ್ ಭಾಷೆಯಲ್ಲಿ ಹಾಗಂದರೆ ಇರುವೆ. ಗೋಲು ಹೊಡೆದು ಕೈ ಎತ್ತಿ ನಿಲ್ಲುವ ಆಟವಲ್ಲ ಆಕೆಯದು. ನಡು ಮೈದಾನದಲ್ಲಿ ಓಡಿ, ಎದುರಾಳಿಯ ಕಾಲಿಂದ ಚೆಂಡು ಕಿತ್ತು, ಮುಂದಿನವರಿಗೆ ದಾಟಿಸಿ, ಮತ್ತೆ ಹಿಂದಕ್ಕೆ ಓಡಿ ಬಂದು ನಿಲ್ಲುವ ದುಡಿಮೆಯ ಆಟ. ಇಡೀ ಗೂಡಿಗಾಗಿ ದುಡಿಯುವ ಇರುವೆಯಂತೆ ಆಡುತ್ತಾಳೆ ಅಂತ ಹುಡುಗಿಯಾಗಿದ್ದಾಗಲೇ ಆ ಹೆಸರು ಅಂಟಿತು.

1995ರಲ್ಲಿ ಸ್ವೀಡನ್ನಿನಲ್ಲಿ ವಿಶ್ವಕಪ್ ನಡೆದಾಗ ಆಕೆಗೆ 17 ವರ್ಷ. 2019ರಲ್ಲಿ ಫ್ರಾನ್ಸಿನಲ್ಲಿ ವಿಶ್ವಕಪ್ ನಡೆದಾಗ 41 ವರ್ಷ. ನಡುವಿನ ಒಂದನ್ನೂ ಬಿಡದೆ ಏಳು ವಿಶ್ವಕಪ್. 1996ರಿಂದ ಹಿಡಿದು 2021ರಲ್ಲಿ ನಡೆದ ಟೋಕಿಯೊ ಕೂಟದವರೆಗೆ ಏಳು ಒಲಿಂಪಿಕ್ಸ್. ಗಂಡಸಿರಲಿ ಹೆಂಗಸಿರಲಿ, ಏಳು ವಿಶ್ವಕಪ್ ಆಡಿದವರು ಮತ್ತೊಬ್ಬರಿಲ್ಲ. 2004 ಮತ್ತು 2008ರ ಒಲಿಂಪಿಕ್ ಬೆಳ್ಳಿ, 2007ರ ವಿಶ್ವಕಪ್ಪಿನ ಎರಡನೇ ಸ್ಥಾನ, ದೇಶಕ್ಕಾಗಿ 200ಕ್ಕೂ ಹೆಚ್ಚು ಪಂದ್ಯ. 2015ರಲ್ಲಿ ದಕ್ಷಿಣ ಕೊರಿಯಾದ ಮೇಲೆ ಗೋಲು ಹೊಡೆದಾಗ ವಯಸ್ಸು 37.

ಇದು ದೊಡ್ಡದು. ಇದನ್ನು ಸಣ್ಣದು ಮಾಡುವ ನಾಲಿಗೆ ನಮಗಿಲ್ಲ. ಆದರೆ ಚಪ್ಪಾಳೆ ತಟ್ಟುವವರನ್ನು ಒಂದು ಮಾತು ಕೇಳುತ್ತೇವೆ. 41 ವರ್ಷದ ಹೆಂಗಸು ಇಪ್ಪತ್ತರ ಹುಡುಗಿಯರ ಎದುರು ನಡು ಮೈದಾನ ಕಾಯಬೇಕಾಗಿ ಬಂದದ್ದು ಯಾಕೆ? 20 ಕೋಟಿ ಜನರ ದೇಶ. ಗಲ್ಲಿಗಲ್ಲಿಯಲ್ಲಿ ಚೆಂಡು. ಆಕೆಯ ಜಾಗಕ್ಕೆ ಇನ್ನೊಬ್ಬಳನ್ನು ಬೆಳೆಸಲು ಆ ದೇಶದ ಧಣಿಗಳಿಗೆ ಇಪ್ಪತ್ತನಾಲ್ಕು ವರ್ಷ ಸಾಲಲಿಲ್ಲವೇ?

ಉತ್ತರ ಬೇಕಾದರೆ ಆಕೆ ಹುಟ್ಟುವುದಕ್ಕೂ ಹಿಂದಕ್ಕೆ ಹೋಗಬೇಕು.

ಫೊರ್ಮಿಗಾ ಹುಟ್ಟಿದ್ದು 1978ರ ಮಾರ್ಚ್ 3ರಂದು, ಬಹಿಯಾ ರಾಜ್ಯದ ಸಾಲ್ವಡಾರ್ ಎಂಬ ಬಂದರು ಪಟ್ಟಣದಲ್ಲಿ. ಆಫ್ರಿಕಾದಿಂದ ಸರಪಳಿ ಬಿಗಿದು ತಂದ ಜನರನ್ನು ಇಳಿಸಿ ಮಾರಿದ ಬಂದರು ಅದು. ಅಮೆರಿಕಾ ಖಂಡಗಳಲ್ಲೆಲ್ಲ ಗುಲಾಮಗಿರಿಯನ್ನು ಎಲ್ಲರಿಗಿಂತ ಕೊನೆಗೆ, 1888ರಲ್ಲಿ, ತೆಗೆದ ದೇಶ ಬ್ರೆಜಿಲ್. ತೆಗೆದ ಮೇಲೂ ದುಡಿದವರಿಗೆ ಭೂಮಿ ಕೊಡಲಿಲ್ಲ. ಕಾಗದದ ಬಿಡುಗಡೆ ಏನೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಆ ಜನರ ಮಕ್ಕಳು ಮೊಮ್ಮಕ್ಕಳು ತುಂಬಿದ ಊರಿನ ಬಡ ಮನೆಯೊಂದರಲ್ಲಿ ಈ ಮಗು ಹುಟ್ಟಿತು. ಕೂಸಾಗಿದ್ದಾಗಲೇ ತಂದೆ ತೀರಿಕೊಂಡ. ಹುಡುಗರ ಜೊತೆ ಚೆಂಡಾಡಿದ್ದಕ್ಕೆ ಅಣ್ಣಂದಿರ ಕೈಲಿ ಏಟು ತಿಂದದ್ದನ್ನು ಮುಂದೆ ಆಕೆಯೇ ಹೇಳಿಕೊಂಡಿದ್ದಾಳೆ.

ಅಣ್ಣಂದಿರ ಕೈಯನ್ನಷ್ಟೇ ಬೈದು ಸುಮ್ಮನಾಗುವುದು ಸುಲಭ. ಆ ಕೈಯ ಹಿಂದೆ ಸರ್ಕಾರವಿತ್ತು. ಆಕೆ ಹುಟ್ಟಿದ ದಿನ ಆ ದೇಶದಲ್ಲಿ ಹೆಣ್ಣಿಗೆ ಫುಟ್‌ಬಾಲ್ ನಿಷಿದ್ಧ.

1941ರ ಏಪ್ರಿಲ್ 14. ಗೆಟೂಲಿಯೊ ವರ್ಗಾಸ್ ಎಂಬ ಸರ್ವಾಧಿಕಾರಿಯ ಕಾಲ. 3199ನೇ ನಂಬರಿನ ಆಜ್ಞೆ ಹೊರಬಿತ್ತು. ಹೆಣ್ಣಿನ ಪ್ರಕೃತಿಗೆ ಹೊಂದದ ಆಟಗಳನ್ನು ಹೆಣ್ಣು ಆಡಕೂಡದು ಎಂದು ಅದರ 54ನೇ ಕಲಮು ಹೇಳಿತು. 1965ರಲ್ಲಿ, ಮಿಲಿಟರಿ ಆಳ್ವಿಕೆಯ ಕಾಲದಲ್ಲಿ, ಕ್ರೀಡಾ ಮಂಡಳಿಯವರು ಇನ್ನೂ ಬಿಡಿಸಿ ಬರೆದರು: ಫುಟ್‌ಬಾಲ್ ಕೂಡದು, ಒಳಾಂಗಣದಲ್ಲೂ ಕೂಡದು, ಸಮುದ್ರದ ಮರಳಿನ ಮೇಲೂ ಕೂಡದು. ನಿಷೇಧ ಎದ್ದದ್ದು 1979ರಲ್ಲಿ. ಹೆಣ್ಣುಮಕ್ಕಳ ಆಟಕ್ಕೆ ನಿಯಮ ಬರೆದು ಒಪ್ಪಿಗೆ ಕೊಟ್ಟದ್ದು 1983ರಲ್ಲಿ.

ಪ್ರಕೃತಿಯಂತೆ! ಈ ಪದ ಕೇಳಿದರೆ ನಮ್ಮ ಕಿವಿ ನಿಮಿರುತ್ತದೆ. ನಮ್ಮ ಅಜ್ಜಂದಿರ ಕೈಗೆ ಸ್ಲೇಟು ಕೊಡದವರೂ ‘ಅದು ಅವರ ಗುಣಕ್ಕೆ ಹೊಂದಲ್ಲ’ ಅಂತಲೇ ಅಂದಿದ್ದರು. ಹುಟ್ಟು, ಗುಣ, ಸ್ವಭಾವ, ಪ್ರಕೃತಿ: ಯಜಮಾನಿಕೆಯ ನಿಘಂಟಿನಲ್ಲಿ ಇವೆಲ್ಲಕ್ಕೂ ಒಂದೇ ಅರ್ಥ. ‘ನೀನು ಅಲ್ಲೇ ಇರು.’

ಅಲ್ಲಾ ಸ್ವಾಮಿ, ನಿಜವಾಗಿಯೂ ಪ್ರಕೃತಿಗೆ ವಿರುದ್ಧವಾಗಿದ್ದರೆ ಕಾಯಿದೆ ಯಾಕೆ ಬೇಕಿತ್ತು? ಎತ್ತು ಕರು ಹಾಕಕೂಡದು ಅಂತ ಯಾವ ಸರ್ಕಾರವಾದರೂ ಕಾಯಿದೆ ಮಾಡಿದೆಯಾ? ಹೆಣ್ಣುಮಕ್ಕಳು ಆಡುತ್ತಿದ್ದರು. ಚೆನ್ನಾಗಿಯೇ ಆಡುತ್ತಿದ್ದರು. 1940ರಲ್ಲಿ ಸಾವೊ ಪಾಲೊದ ಪಕಯೆಂಬು ಎಂಬ ದೊಡ್ಡ ಕ್ರೀಡಾಂಗಣದಲ್ಲೇ ಅವರ ಪಂದ್ಯ ನಡೆದಿತ್ತು. ಆ ವರ್ಷವೇ ಒಬ್ಬ ಸಂಭಾವಿತ ನಾಗರಿಕ, ಹೀಗೇ ಬಿಟ್ಟರೆ ದೇಶದ ತಾಯ್ತನ ಕೆಟ್ಟುಹೋಗುತ್ತದೆ ಅಂತ ಅಧ್ಯಕ್ಷನಿಗೆ ಕಾಗದ ಬರೆದ. ಆಗದ ಕೆಲಸಕ್ಕೆ ಯಾರೂ ಬೇಲಿ ಹಾಕುವುದಿಲ್ಲ. ಆಗುತ್ತಿದ್ದುದಕ್ಕೇ ಬೇಲಿ.

ಬೇಲಿಯೊಳಗೆ ಏನೇನಾಯಿತು ನೋಡಿ. 1958, 1962, 1970. ಬ್ರೆಜಿಲ್ಲಿನ ಗಂಡಸರು ಮೂರು ವಿಶ್ವಕಪ್ ಗೆದ್ದು ತಂದ ವರ್ಷಗಳಿವು. ಪೆಲೆಯ ಹೆಸರು ನಮ್ಮ ಹಳ್ಳಿಗಳಿಗೂ ಮುಟ್ಟಿದ ಕಾಲ. ಆ ಮೂರೂ ಕಪ್ಪುಗಳು ನಿಷೇಧದ 38 ವರ್ಷದೊಳಗೇ ಬಂದವು. ದೇಶಕ್ಕೆ ದೇಶವೇ ಬೀದಿಗಿಳಿದು ಕುಣಿಯುವಾಗ ಅರ್ಧ ದೇಶಕ್ಕೆ ಚೆಂಡು ಮುಟ್ಟುವ ಹಕ್ಕಿರಲಿಲ್ಲ. 1958ರಲ್ಲೇ ಮಿನಾಸ್ ಜೆರಾಯಿಸ್ ರಾಜ್ಯದ ಅರಗ್ವಾರಿ ಎಂಬ ಊರಲ್ಲಿ ಹುಡುಗಿಯರು ತಂಡ ಕಟ್ಟಿದರು. ಜನ ಮುಗಿಬಿದ್ದು ನೋಡಿದರು. ಮಾರನೆಯ ವರ್ಷ ಆ ತಂಡದ ಕಾಲು ಕಟ್ಟಿದರು.

ಈಗ ಇನ್ನೊಬ್ಬ ಮಹಾಶಯ ಎದ್ದು ನಿಲ್ಲುತ್ತಾನೆ. ಕೋಟು ಹಾಕಿದ್ದಾನೆ, ಕಾನೂನಿನ ಮಾತಾಡುವುದಿಲ್ಲ, ಮಾರುಕಟ್ಟೆಯ ಮಾತಾಡುತ್ತಾನೆ. ‘ನಾವೇನೂ ಬೇಡ ಅನ್ನಲ್ಲ. ಆದ್ರೆ ಹೆಂಗಸರ ಆಟ ನೋಡೋಕೆ ಜನ ಬರಲ್ವಲ್ಲ, ದುಡ್ಡು ಎಲ್ಲಿಂದ ತರೋಣ?’

ಜನ ಬರಲ್ಲ ಅಂತ ಇವನಿಗೆ ಹೇಳಿದವರು ಯಾರು? 1920ರ ಡಿಸೆಂಬರ್ 26ರಂದು ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕಿನಲ್ಲಿ ಹೆಣ್ಣುಮಕ್ಕಳ ಪಂದ್ಯ ನೋಡಲು 53,000 ಜನ ಸೇರಿದ್ದರು. ಆಡಿದ ಡಿಕ್ ಕೆರ್ ತಂಡದವರು ಯುದ್ಧಕಾಲದಲ್ಲಿ ಮದ್ದುಗುಂಡು ಮಾಡಿದ ಕಾರ್ಖಾನೆಯ ಕೂಲಿ ಹೆಣ್ಣುಗಳು. ಒಂದು ವರ್ಷ ಕಳೆಯುವುದರೊಳಗೆ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಕ್ಲಬ್ಬುಗಳ ಮೈದಾನಗಳನ್ನು ಹೆಣ್ಣುಮಕ್ಕಳಿಗೆ ಮುಚ್ಚಿತು. ಸುಮಾರು 50 ವರ್ಷ ತೆರೆಯಲಿಲ್ಲ. ಜರ್ಮನಿಯ ಸಂಸ್ಥೆ 1955ರಿಂದ 1970ರವರೆಗೆ ಇದನ್ನೇ ಮಾಡಿತು. ಜನ ಬರುತ್ತಿದ್ದಾಗ ಗೇಟು ಮುಚ್ಚಿದರು. ಜನ ಮರೆತ ಮೇಲೆ ಗೇಟು ತೆಗೆದು, ‘ನೋಡಿ, ಒಬ್ಬರೂ ಬರಲ್ಲ’ ಅಂದರು. ಬಾವಿಗೆ ಮಣ್ಣು ತುಂಬಿ, ಊರಲ್ಲಿ ನೀರಿಲ್ಲ ಅಂತ ವರದಿ ಬರೆದ ಹಾಗಾಯಿತು.

ಫೊರ್ಮಿಗಾಳ ಬಾಳು ನಡೆದದ್ದು ಈ ಮಣ್ಣು ತುಂಬಿದ ಬಾವಿಯಲ್ಲಿ. ಬಾವಿಯನ್ನು ಕೈಯಲ್ಲಿ ತೋಡಿದವರಲ್ಲಿ ಆಕೆಯೂ ಒಬ್ಬಳು.

ಮೊದಮೊದಲ ರಾಷ್ಟ್ರೀಯ ತಂಡದ ಹೆಣ್ಣುಮಕ್ಕಳು ತೊಟ್ಟದ್ದು ಗಂಡಸರ ತಂಡ ಹಾಕಿ ಬಿಟ್ಟ ಅಂಗಿ. ಭುಜ ಇಳಿಬಿದ್ದ, ಮೊಣಕೈ ಮುಚ್ಚುವ ಅಂಗಿ. ಒಡೆಯನ ಮನೆಯ ಹಳೇ ಬಟ್ಟೆ ತೊಟ್ಟು ಶಾಲೆಗೆ ಹೋದವರಿಗೆ ಆ ಅಂಗಿಯ ತೂಕ ಗೊತ್ತು. ನಿಷೇಧ ತೆಗೆದರು, ಸರಿ. ಆಮೇಲೆ ಏನು ಕಟ್ಟಿದರು? ಇವತ್ತು ಬ್ರೆಜಿಲ್ಲಿನಲ್ಲಿ ನಡೆಯುತ್ತಿರುವ ಹೆಣ್ಣುಮಕ್ಕಳ ರಾಷ್ಟ್ರೀಯ ಲೀಗು ಶುರುವಾದದ್ದು 2013ರಲ್ಲಿ. ನಿಷೇಧ ಹೋಗಿ 34 ವರ್ಷ. ಫೊರ್ಮಿಗಾಗೆ ಆಗ 35. ಐದು ವಿಶ್ವಕಪ್ ಆಡಿ ಮುಗಿಸಿದ್ದಳು.

ಹಾಗಾದರೆ ಹೊಟ್ಟೆಪಾಡು? ಗುಳೆ. ನಮ್ಮ ರಾಯಚೂರು ಕಲಬುರಗಿಯ ಜನ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ಕಟ್ಟಡಗಳ ಬುಡಕ್ಕೆ ಬರುವ ಹಾಗೆ, ಈಕೆ ಆಟವನ್ನು ಗಂಟು ಕಟ್ಟಿಕೊಂಡು ದೇಶ ದೇಶ ಅಲೆದಳು. ಸ್ವೀಡನ್ನಿನ ಮಾಲ್ಮೊ. ಅಮೆರಿಕದ ನ್ಯೂಜೆರ್ಸಿ. 2009ರಲ್ಲಿ ಕ್ಯಾಲಿಫೋರ್ನಿಯಾದ ಗೋಲ್ಡ್ ಪ್ರೈಡ್ ಎಂಬ ತಂಡ. 2010ರಲ್ಲಿ ಶಿಕಾಗೊ. ಆ ಗೋಲ್ಡ್ ಪ್ರೈಡ್ 2010ರಲ್ಲಿ ಲೀಗನ್ನೇ ಗೆದ್ದಿತು, ಗೆದ್ದ ವರ್ಷವೇ ದುಡ್ಡಿಲ್ಲವೆಂದು ಬಾಗಿಲು ಹಾಕಿತು. 2012ರ ಹೊತ್ತಿಗೆ ಇಡೀ ಲೀಗೇ ಮುಳುಗಿತು. ತಾಯ್ನಾಡಿಗೆ ಮರಳಿ ಸಾವೊ ಜೋಸೆ ಎಂಬ ತಂಡ ಸೇರಿದಳು. 2011, 2013, 2014ರಲ್ಲಿ ಆ ತಂಡ ದಕ್ಷಿಣ ಅಮೆರಿಕದ ಲಿಬರ್ತದೋರೆಸ್ ಕಪ್ ಎತ್ತಿತು. 2017ರಲ್ಲಿ ಮತ್ತೆ ಗುಳೆ, ಪ್ಯಾರಿಸ್ಸಿಗೆ. ಬೇರೆಯವರು ಬೂಟು ಗೂಟಕ್ಕೆ ನೇತುಹಾಕುವ ವಯಸ್ಸಲ್ಲಿ ಪ್ಯಾರಿಸ್ ಸೇಂಟ್ ಜರ್ಮೈನ್ ತಂಡದ ನಡು ಮೈದಾನ ಕಾದಳು. 2021ರಲ್ಲಿ, 43ನೇ ವಯಸ್ಸಲ್ಲಿ, ಸತತ 14 ವರ್ಷ ಗೆದ್ದಿದ್ದ ಲಿಯಾನ್ ತಂಡವನ್ನು ಹಿಂದೆ ಹಾಕಿ ಫ್ರಾನ್ಸಿನ ಲೀಗು ಗೆದ್ದ ಪ್ಯಾರಿಸ್ ತಂಡದಲ್ಲಿ ಆಕೆ ಇದ್ದಳು.

ತಾಯ್ನಾಡಿನ ಧಣಿಗಳು ಅಷ್ಟರಲ್ಲಿ ಏನು ಮಾಡುತ್ತಿದ್ದರು? ಎರಡು ಉದಾಹರಣೆ ಸಾಕು.

2001ರಲ್ಲಿ ಸಾವೊ ಪಾಲೊ ರಾಜ್ಯದ ಸಂಸ್ಥೆ ಹೆಣ್ಣುಮಕ್ಕಳ ಪಂದ್ಯಾವಳಿ ಏರ್ಪಡಿಸಿತು. ಆಟಗಾರ್ತಿಯರು ನೋಡಲು ಚೆಂದ ಇರಬೇಕಂತೆ. ತಲೆ ಬೋಳಿಸಿಕೊಂಡವರಿಗೆ ಪ್ರವೇಶವಿಲ್ಲವಂತೆ. ಅದಕ್ಕೆ ಎರಡೇ ವರ್ಷ ಹಿಂದೆ, 1999ರ ವಿಶ್ವಕಪ್ಪಿನಲ್ಲಿ ಏಳು ಗೋಲು ಹೊಡೆದು ಅತಿ ಹೆಚ್ಚು ಗೋಲಿನ ಗೌರವವನ್ನು ಚೀನಾದ ಸುನ್ ವೆನ್ ಜೊತೆ ಹಂಚಿಕೊಂಡವಳು ಬ್ರೆಜಿಲ್ಲಿನ ಸಿಸ್ಸಿ. ಅವಳ ತಲೆ ಬೋಳು. ಆ ನಿಯಮದ ಪ್ರಕಾರ ಅವಳಿಗೆ ತನ್ನ ನಾಡಲ್ಲೇ ಜಾಗವಿಲ್ಲ! ನಮ್ಮ ಅಗ್ರಹಾರಗಳು ಹೆಣ್ಣು ಚೆಂದ ಕಾಣಬಾರದೆಂದು ವಿಧವೆಯ ತಲೆ ಬೋಳಿಸಿದವು. ಅಲ್ಲಿಯ ಧಣಿಗಳು ಹೆಣ್ಣು ಚೆಂದ ಕಾಣಲೇಬೇಕೆಂದು ಬೋಳು ತಲೆಯನ್ನು ಹೊರಗಟ್ಟಿದರು. ಕತ್ತರಿ ಯಾವ ಕಡೆ ತಿರುಗಿದರೂ ಹಿಡಿ ಮಾತ್ರ ಅವನ ಕೈಯಲ್ಲೇ.

ಎರಡನೆಯದು ಸಾಂಟೋಸ್. ಪೆಲೆ ಆಡಿದ ಕ್ಲಬ್ಬು. ಅದರ ಹೆಣ್ಣುಮಕ್ಕಳ ತಂಡ 2009 ಮತ್ತು 2010ರಲ್ಲಿ ಖಂಡಕ್ಕೇ ಚಾಂಪಿಯನ್. 2012ರ ಆರಂಭದಲ್ಲಿ ಖರ್ಚು ಜಾಸ್ತಿ ಅಂತ ಆ ತಂಡವನ್ನೇ ವಿಸರ್ಜಿಸಿದರು. ಅದೇ ಹೊತ್ತಿನಲ್ಲಿ ನೇಮಾರ್ ಎಂಬ ಹುಡುಗನನ್ನು ಉಳಿಸಿಕೊಳ್ಳಲು ಕ್ಲಬ್ಬು ಭಾರೀ ಸಂಬಳದ ಕರಾರು ಮಾಡಿಕೊಂಡಿತ್ತು. ನೇಮಾರ್ ಮೇಲೆ ನಮಗೆ ಸಿಟ್ಟಿಲ್ಲ. ಅವನೂ ಬಡವರ ಹುಡುಗನೇ. ಆದರೆ ಮನೆಯಲ್ಲಿ ಅಕ್ಕಿ ಕಡಿಮೆಯಾದಾಗ ಮೊದಲು ಯಾರ ತಟ್ಟೆ ಎತ್ತುತ್ತಾರೆ ಅಂತ ನಮ್ಮವ್ವನನ್ನು ಕೇಳಿ, ಹೇಳುತ್ತಾಳೆ.

2007ರಲ್ಲಿ ಚೀನಾದ ಶಾಂಘೈಯಲ್ಲಿ ವಿಶ್ವಕಪ್ ಫೈನಲ್ ಸೋತ ಮೇಲೆ ಆ ಹೆಣ್ಣುಮಕ್ಕಳು ಮೈದಾನದಲ್ಲೇ ಬರಹ ಹಿಡಿದು ನಿಂತು, ನಮಗೆ ಬೆಂಬಲ ಬೇಕು ಅಂತ ದೇಶವನ್ನು ಕೇಳಿದರು. ಹತ್ತು ವರ್ಷ ಕಳೆಯಿತು. 2017ರಲ್ಲಿ, ಆ ತಂಡಕ್ಕೆ ಮೊದಲ ಬಾರಿಗೆ ನೇಮಕವಾದ ಮಹಿಳಾ ಕೋಚ್ ಎಮಿಲಿ ಲಿಮಾಳನ್ನು ವರ್ಷ ತುಂಬುವ ಮುಂಚೆಯೇ ಕಿತ್ತುಹಾಕಿದರು. ಪ್ರತಿಭಟಿಸಿ ಹಲವು ಆಟಗಾರ್ತಿಯರು ತಂಡ ಬಿಟ್ಟರು, ಬಹಿರಂಗ ಪತ್ರ ಬರೆದರು. 2016ರ ಒಲಿಂಪಿಕ್ಸ್ ಆದ ಮೇಲೆ ಫೊರ್ಮಿಗಾ ದೇಶದ ತಂಡಕ್ಕೆ ಸಾಕು ಅಂದಿದ್ದಳು. 2018ರಲ್ಲಿ ಮತ್ತೆ ಕರೆದರು. ನಲವತ್ತು ತುಂಬುವ ಹೆಂಗಸನ್ನು ಕರೆದರು! ಯಾಕೆಂದರೆ ಗೂಡಿನಲ್ಲಿ ಇನ್ನೊಂದು ಇರುವೆಯನ್ನು ಅವರು ಬೆಳೆಸಿರಲಿಲ್ಲ.

ಈಗ ನಮ್ಮ ಮಾತು ನೇರವಾಗಿ ಹೇಳುತ್ತೇವೆ. ಏಳು ವಿಶ್ವಕಪ್ ಎಂಬ ದಾಖಲೆಯಲ್ಲಿ ಎರಡು ಸಾಲುಗಳಿವೆ. ಒಂದು ಸಾಲು ಆಕೆಯ ಕಾಲಿನದು, ಆಕೆಯ ಶ್ವಾಸಕೋಶದ್ದು, ಆಕೆಯ ಬುದ್ಧಿಯದು. ಆ ಸಾಲಿಗೆ ನಾವು ತಲೆಬಾಗುತ್ತೇವೆ. ಇನ್ನೊಂದು ಸಾಲು ಧಣಿಗಳ ಮೇಲಿನ ದೋಷಾರೋಪ ಪಟ್ಟಿ. ಹಾರ ಹಾಕುವವರು ಮೊದಲ ಸಾಲನ್ನು ಗಟ್ಟಿಯಾಗಿ ಓದುವುದು ಎರಡನೆಯದು ಯಾರಿಗೂ ಕೇಳಿಸದಿರಲಿ ಅಂತ.

ಈ ಉಪಾಯ ನಮಗೆ ಹೊಸದಲ್ಲ. ನಮ್ಮ ಮನೆಗಳಲ್ಲಿ ಮೊದಲು ಡಿಗ್ರಿ ಕಂಡವರು ನಾವು. ನಾವು ಪಾಸಾದ ದಿನ ಊರ ಗೌಡರು, ಮೇಲಧಿಕಾರಿಗಳು ಬೆನ್ನು ತಟ್ಟಿದರು. ಮಾರನೆಯ ದಿನದಿಂದ ನಮ್ಮನ್ನೇ ಕೋಲು ಮಾಡಿಕೊಂಡು ಕೇರಿಯ ಉಳಿದ ಹುಡುಗರಿಗೆ ಬಾರಿಸಿದರು. ‘ಅವನು ಓದ್ಲಿಲ್ವಾ? ನಿಮಗೇನಾಗಿದೆ ರೋಗ?’ ಒಬ್ಬ ದಾಟಿದ್ದನ್ನು ತೋರಿಸಿ, ಹೊಳೆಗೆ ಸೇತುವೆ ಬೇಡ ಅಂತ ವಾದಿಸುವ ಜಾಣರಿವರು. ಮುಳುಗಿದವರ ಲೆಕ್ಕ ಕೇಳಿದರೆ, ಅವರಿಗೆ ಛಲ ಇರಲಿಲ್ಲ ಅನ್ನುತ್ತಾರೆ. 38 ವರ್ಷದ ನಿಷೇಧದಲ್ಲಿ ಎಷ್ಟು ಫೊರ್ಮಿಗಾಗಳು ಪಾತ್ರೆ ತೊಳೆದು, ಬಟ್ಟೆ ಒಗೆದು, ಹೆಸರಿಲ್ಲದೆ ಸತ್ತರು? ಅವರಿಗೆ ಯಾವ ಕ್ರೀಡಾಪುಟ?

2019ರಲ್ಲಿ ಫ್ರಾನ್ಸಿನ ಎದುರು ಸೋತ ಸಂಜೆ ಮಾರ್ತಾ ಕ್ಯಾಮೆರಾದ ಮುಂದೆ ನಿಂತು ಅತ್ತು ಮಾತಾಡಿದಳು. ಫೊರ್ಮಿಗಾ ಯಾವಾಗಲೂ ಇರುವುದಿಲ್ಲ, ನಾನೂ ಇರುವುದಿಲ್ಲ, ಈ ಆಟ ಉಳಿಯುವುದು ನಿಮ್ಮಿಂದ ಅಂತ ತನ್ನ ದೇಶದ ಹುಡುಗಿಯರಿಗೆ ಹೇಳಿದಳು. ಜಗತ್ತು ಕಣ್ಣೊರೆಸಿಕೊಂಡಿತು. ಮಾರ್ತಾ ಹುಡುಗಿಯರಿಗೆ ಹೇಳಿದಳು, ಅದು ಅಕ್ಕನ ಮಾತು. ನಾವು ಧಣಿಗಳಿಗೆ ಹೇಳುತ್ತೇವೆ: ಹುಡುಗಿಯರು ತಮ್ಮ ಪಾಲಿನದಕ್ಕಿಂತ ಹೆಚ್ಚು ದುಡಿದಾಗಿದೆ. ನಿಮ್ಮ ಪಾಲು ಎಲ್ಲಿ?

ಆ ಪಾಲಿನ ಲೆಕ್ಕವೂ ಇದೆ. 2018ರ ಗಂಡಸರ ವಿಶ್ವಕಪ್ಪಿನ ಬಹುಮಾನದ ಒಟ್ಟು ಹಣ 40 ಕೋಟಿ ಡಾಲರ್. 2019ರ ಹೆಣ್ಣುಮಕ್ಕಳದು 3 ಕೋಟಿ. 2022ರಲ್ಲಿ ಗಂಡಸರಿಗೆ 44 ಕೋಟಿ, 2023ರಲ್ಲಿ ಹೆಣ್ಣುಮಕ್ಕಳಿಗೆ 11 ಕೋಟಿ. ಏರಿದೆ, ಒಪ್ಪುತ್ತೇವೆ. 2019ರಿಂದ ಬ್ರೆಜಿಲ್ಲಿನ ದೊಡ್ಡ ಕ್ಲಬ್ಬುಗಳು ಹೆಣ್ಣುಮಕ್ಕಳ ತಂಡ ಇಡಲೇಬೇಕೆಂಬ ನಿಯಮವೂ ಬಂತು. 2020ರಲ್ಲಿ ರಾಷ್ಟ್ರೀಯ ತಂಡದ ದಿನಭತ್ಯೆ ಇಬ್ಬರಿಗೂ ಒಂದೇ ಅಂತ ಘೋಷಿಸಿದರು. ಇವನ್ನೆಲ್ಲ ದಾನ ಅಂತ ಕರೆಯುವವರಿಗೆ ನಮ್ಮ ಉತ್ತರ: ಬೀದಿಯಲ್ಲಿ, ಮೈದಾನದಲ್ಲಿ, ಪತ್ರದಲ್ಲಿ ಕೇಳಿ ಕೇಳಿ ಪಡೆದ ಬಾಕಿ ಇದು. ಅಸಲಿನಲ್ಲೂ ಇನ್ನೂ ಬಹಳ ಉಳಿದಿದೆ.

‘ಇದೆಲ್ಲ ಬ್ರೆಜಿಲ್ಲಿನ ಸುದ್ದಿ, ಇಲ್ಲಿ ಹಸಿವಿರುವಾಗ ಚೆಂಡಿನ ಮಾತೇಕೆ’ ಅಂತ ನಮ್ಮ ಗೆಳೆಯರೇ ಕೆಲವರು ಕೇಳಬಹುದು. ಕೇಳಲಿ. 2021ರ ನವೆಂಬರ್ 25ರಂದು ಅಮೆಜಾನ್ ಕಾಡಿನ ನಡುವಿನ ಮನೌಸ್ ನಗರದಲ್ಲಿ ಫೊರ್ಮಿಗಾ ದೇಶದ ಅಂಗಿ ತೊಟ್ಟು ಕೊನೆಯ ಪಂದ್ಯ ಆಡಿದಳು. ಎದುರು ನಿಂತದ್ದು ಭಾರತದ ತಂಡ. 6-1ರಿಂದ ನಾವು ಸೋತೆವು. ಆ ಒಂದು ಗೋಲು ಹೊಡೆದವಳು ಪಂಜಾಬಿನ ಹೋಶಿಯಾರ್‌ಪುರ ಜಿಲ್ಲೆಯ ಮನೀಷಾ ಕಲ್ಯಾಣ್. ಬ್ರೆಜಿಲ್ಲಿಗೇ ಗೋಲು ಹೊಡೆದ ಆ ಹುಡುಗಿಯ ಹೆಸರು ನಮ್ಮ ಎಷ್ಟು ಶಾಲೆಗಳ ಗೋಡೆಯ ಮೇಲಿದೆ?

ಅದೇ ವರ್ಷ, ಫೊರ್ಮಿಗಾಳ ಏಳನೇ ಒಲಿಂಪಿಕ್ಸ್ ನಡೆದ ಟೋಕಿಯೊದಲ್ಲೇ, ಹಾಕಿಯಲ್ಲಿ ಹ್ಯಾಟ್ರಿಕ್ ಗೋಲು ಹೊಡೆದವಳು ನಮ್ಮ ವಂದನಾ ಕಟಾರಿಯಾ. ತಂಡ ಸೆಮಿಫೈನಲ್ ಸೋತ ದಿನ ಹರಿದ್ವಾರದ ಹತ್ತಿರದ ಅವಳ ಮನೆಯ ಮುಂದೆ ಮೇಲ್ಜಾತಿಯವರು ಪಟಾಕಿ ಹೊಡೆದು, ಜಾತಿ ಎತ್ತಿ ಬೈದರೆಂದು ಮನೆಯವರು ದೂರು ಕೊಡಬೇಕಾಯಿತು. ಗೆದ್ದರೆ ಭಾರತದ ಮಗಳು, ಸೋತರೆ ಕೇರಿಯ ಮಗಳು. ಇನ್ನೂ ಹೇಳುತ್ತೀರಾ, ಚೆಂಡಿಗೂ ನಮಗೂ ಸಂಬಂಧವಿಲ್ಲ ಅಂತ? ಹಸಿದವರಿಗೆ ಅನ್ನ ಮೊದಲು, ನಿಜ. ಆದರೆ ಅನ್ನವಷ್ಟೇ ಸಾಕು, ಆಟ ಯಾಕೆ ಅನ್ನುವುದು ಒಡೆಯನ ಮಾತು. ಜೀತದಾಳಿನ ಮೈ ದುಡಿಯುವುದಕ್ಕೆ ಮಾತ್ರ ಇದೆ ಅಂತ ನಂಬಿದವನ ಮಾತು.

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರುತ್ತದೆ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. 2027ರ ಹೆಣ್ಣುಮಕ್ಕಳ ವಿಶ್ವಕಪ್ಪನ್ನು ಬ್ರೆಜಿಲ್ಲಿಗೆ ಕೊಡಬೇಕೆಂದು 2024ರ ಮೇ ತಿಂಗಳಲ್ಲಿ ತೀರ್ಮಾನವಾಯಿತು. ಪಂದ್ಯಕ್ಕೆ ಆರಿಸಿದ ಎಂಟು ನಗರಗಳಲ್ಲಿ ಸಾಲ್ವಡಾರ್ ಕೂಡ ಒಂದು. ಗುಲಾಮರ ಬಂದರು, ಇರುವೆಯ ಊರು. ಯಾವ ದೇಶ ಹೆಣ್ಣಿನ ಕಾಲಿಗೆ ಕಾಯಿದೆಯ ಕೋಳ ತೊಡಿಸಿತ್ತೋ ಆ ದೇಶದಲ್ಲೇ ಜಾಹೀರಾತಿನ ಬ್ಯಾನರು ಕಟ್ಟುತ್ತಾರೆ. ಭಾಷಣ ಆಗುತ್ತದೆ. ಟಿಕೆಟ್ಟು ಮಾರುತ್ತಾರೆ. ಇರುವೆಗಳು ಕಾಳು ಕಾಳು ಹೊತ್ತು ಕೂಡಿಟ್ಟ ಕಣಜದ ಬೀಗದ ಕೈ ಯಾರ ಸೊಂಟದಲ್ಲಿದೆ ಅಂತ ಆ ದಿನ ನೋಡಬೇಕು.

ನಮ್ಮ ಹಳ್ಳಿಗಳ ಮೇಷ್ಟ್ರುಗಳೇ, ಟೀಚರಮ್ಮಗಳೇ, ನಿಮ್ಮ ಹತ್ತಿರವೂ ಒಂದು ಬೀಗದ ಕೈ ಇದೆ. ಆಟದ ಸಾಮಾನಿನ ಪೆಟ್ಟಿಗೆಯದು. ಆಟದ ಪೀರಿಯಡ್ಡಿನಲ್ಲಿ ಚೆಂಡು ಹುಡುಗರಿಗೆ, ಕಸಬರಿಗೆ ಹುಡುಗಿಯರಿಗೆ ಅಂತ ಹಂಚುವಾಗ ನೀವು ವರ್ಗಾಸನ 54ನೇ ಕಲಮನ್ನೇ ಜಾರಿ ಮಾಡುತ್ತಿರುತ್ತೀರಿ. ಕಾಯಿದೆ ಓದದೆಯೂ ಜಾರಿ ಮಾಡಬಹುದು. ಮನುವನ್ನು ಓದಿ ಯಾರೂ ಬಾವಿ ಕಾಯಲಿಲ್ಲ. ಫೊರ್ಮಿಗಾಳ ಕಥೆಯನ್ನು ಛಲದ ನೀತಿಪಾಠ ಮಾಡಿ ಮಕ್ಕಳಿಗೆ ಉಣಿಸಬೇಡಿ. ಆ ನೀತಿ ಅವರಿಗೆ ಬೇಕಾಗಿಲ್ಲ, ಛಲ ಅವರ ಹುಟ್ಟಿನಲ್ಲೇ ಇದೆ. ಅವರಿಗೆ ಬೇಕಾದದ್ದು ಮೈದಾನ, ಬೂಟು, ಹೊಟ್ಟೆ ತುಂಬ ಊಟ, ಸಂಜೆ ಮನೆಗೆ ಹೋಗಲು ಬಸ್ಸು, ಆಡಿದ್ದಕ್ಕೆ ಹೊಡೆಯದ ಅಣ್ಣಂದಿರು.

ಒಬ್ಬಳು ಏಳು ವಿಶ್ವಕಪ್ ಆಡುವ ಲೋಕ ನಮಗೆ ಬೇಡ. ಏಳು ಹುಡುಗಿಯರು ಒಂದೊಂದಾದರೂ ಆಡಿ, ವಯಸ್ಸಿಗೆ ಸರಿಯಾಗಿ ಮನೆಗೆ ಮರಳಿ, ಕಾಲು ಚಾಚಿ ಕೂತು ತಮ್ಮ ನಂತರದವರ ಆಟ ನೋಡುವ ಲೋಕ ಬೇಕು. ಅಲ್ಲಿಯ ತನಕ ಹಾರಗಳನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಪೆಟ್ಟಿಗೆಯ ಬೀಗ ತೆಗೆಯಿರಿ. ಚೆಂಡು ಹೊರಗೆ ಹಾಕಿ.